ಅಜ್ಜ, ಅಪ್ಪ, ಮಗಳು ಒಟ್ಟಿಗೆ ಹಿಮಾಲಯಕ್ಕೆ: ಹೊರಡುವ ಮುಂಚೆ ಮನೆಯಲ್ಲೇ ತೀರ್ಮಾನಿಸಬೇಕಾದದ್ದು

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. "ಅಪ್ಪನಿಗೆ 64, ಮಗಳಿಗೆ 14. ಎಲ್ಲರೂ ಸೇರಿ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೋಗಬಹುದಾ?" "ಅಮ್ಮನನ್ನು ಕೇದಾರಕ್ಕೆ ನಡೆಸಿಕೊಂಡು ಹೋಗಬಹುದಾ?" ಹೋಗಬಹುದು. ವಯಸ್ಸು ಒಂದೇ ಯಾರನ್ನೂ ತಡೆಯುವುದಿಲ್ಲ. ಆದರೆ ಇದರ ಬೆನ್ನಿಗೇ ಬರುವ ಪ್ರಶ್ನೆಗಳೆಲ್ಲ ಶೂ, ಜಾಕೆಟ್, ಪ್ಯಾಕೇಜ್ ದರದವು. ಮುಖ್ಯವಾದದ್ದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಮೇಲೆ ಹೋದಮೇಲೆ ಯಾರ ಮಾತು ನಡೆಯಬೇಕು?

ಸ್ನೇಹಿತರ ಗುಂಪಿನಲ್ಲಿ ಇದು ಅಷ್ಟು ಕಷ್ಟವಲ್ಲ. ಮನೆಮಂದಿ ಜೊತೆ ಹೋದಾಗ ಕಷ್ಟ. ಮಕ್ಕಳಿಗೆ ಬೇಜಾರಾಗಬಾರದೆಂದು ಅಜ್ಜ ತಲೆನೋವು ಮುಚ್ಚಿಡುತ್ತಾರೆ. ಅಪ್ಪನಿಗೆ ಎದುರು ಮಾತಾಡಲು ಮಗನಿಗೆ ಸಂಕೋಚ. ಮಗಳು ಸುಸ್ತಾದರೆ ಅಪ್ಪನಿಗೆ ಅದು ಹಟದಂತೆ ಕಾಣುತ್ತದೆ. ತೆಳು ಗಾಳಿಯಲ್ಲಿ ಬುದ್ಧಿಯೂ ಮಂದವಾಗುತ್ತದೆ. ಅದಕ್ಕೇ ನನ್ನ ಖಚಿತ ಅಭಿಪ್ರಾಯ: ದೊಡ್ಡ ತೀರ್ಮಾನಗಳೆಲ್ಲ ಊರಲ್ಲೇ ಆಗಬೇಕು, ಮೇಲೆ ಅವನ್ನು ಪಾಲಿಸುವುದಷ್ಟೇ ಇರಬೇಕು. ತಲೆಮಾರುಗಳಿಂದ ಬೆಟ್ಟ ಹತ್ತಿದ ಕುಟುಂಬಗಳಿಂದ ಇದಕ್ಕೆ ಕಲಿಯುವುದು ಬೇಕಾದಷ್ಟಿದೆ.

ಮೊದಲು ಏನೇನು ಬೇಕು

ಎಲ್ಲರ ಆರೋಗ್ಯ ತಪಾಸಣೆ. ಅಭ್ಯಾಸಕ್ಕೆ ಕನಿಷ್ಠ ಮೂರು ತಿಂಗಳು. ಪ್ಯಾಕೇಜಿನವರು ಹೇಳುವುದಕ್ಕಿಂತ ಮೂರು-ನಾಲ್ಕು ದಿನ ಜಾಸ್ತಿ ರಜೆ. ನೇಪಾಳಕ್ಕೆ ವಿಮಾನದಲ್ಲಿ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಮಕ್ಕಳಿಗೆ ವೋಟರ್ ಐಡಿ ಇರುವುದಿಲ್ಲವಲ್ಲ, ಅವರಿಗೆ ಪಾಸ್‌ಪೋರ್ಟ್ ಮಾಡಿಸಿಬಿಡಿ. ವಿಮೆ ಕಡ್ಡಾಯ. ಇಲ್ಲಿ ಜನ ಎಡವುವುದು ಜಾಸ್ತಿ: ಹಲವು ಪ್ರಯಾಣ ವಿಮೆಗಳಲ್ಲಿ ಎತ್ತರದ ಮಿತಿ ಇರುತ್ತದೆ. ನೀವು ತಲುಪುವ ಎತ್ತರ ಪಾಲಿಸಿಯಲ್ಲಿ ಸೇರಿದೆಯೇ, ಹೆಲಿಕಾಪ್ಟರ್‌ನಲ್ಲಿ ಕೆಳಗಿಳಿಸುವ ಖರ್ಚು ಸೇರಿದೆಯೇ, 60 ದಾಟಿದವರಿಗೂ ಅದು ಅನ್ವಯಿಸುತ್ತದೆಯೇ? ಈ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ.

1. ಇದು ಯಾರ ಆಸೆ ಎಂದು ತಿಳಿದುಕೊಳ್ಳಿ

ಒಂದು ಸಂಜೆ ಎಲ್ಲರಿಗೂ ಒಂದೊಂದು ಹಾಳೆ ಕೊಡಿ. ಯಾಕೆ ಹೋಗಬೇಕು ಅನ್ನಿಸುತ್ತದೆ, ಯಾವುದಕ್ಕೆ ಭಯ, ಎಲ್ಲಿಯವರೆಗೆ ಹೋದರೆ ಸಮಾಧಾನ? ಒಬ್ಬರದನ್ನು ಒಬ್ಬರು ನೋಡದೆ ಬರೆಯಲಿ. ಒಟ್ಟಿಗೆ ಕೂತು ಕೇಳಿದರೆ ಎಲ್ಲರೂ "ಆಯ್ತು" ಅನ್ನುತ್ತಾರೆ. ಹಾಳೆಯಲ್ಲಿ ನಿಜ ಬರುತ್ತದೆ.

ತೇನ್‌ಸಿಂಗ್ ನೋರ್ಗೆ 1953ರಲ್ಲಿ ಎಡ್ಮಂಡ್ ಹಿಲರಿ ಜೊತೆ ಮೊದಲ ಸಲ ಎವರೆಸ್ಟ್ ತುದಿ ಮುಟ್ಟಿದವರು. ಆದರೆ ತಮ್ಮ ಮಕ್ಕಳನ್ನು ಅವರು ಎವರೆಸ್ಟ್‌ಗೆ ತಳ್ಳಲಿಲ್ಲ. ಮಕ್ಕಳು ಓದಿ ಬೇರೆ ಬದುಕು ಕಟ್ಟಿಕೊಳ್ಳಲಿ ಎಂಬುದೇ ಅವರ ಆಸೆಯಾಗಿತ್ತು. ಮಗ ಜಾಮ್ಲಿಂಗ್ ಅಮೆರಿಕದಲ್ಲಿ ಓದಿದರು. ತಂದೆ 1986ರಲ್ಲಿ ತೀರಿಕೊಂಡರು. ಅದಾಗಿ ಹತ್ತು ವರ್ಷದ ಮೇಲೆ, 1996ರಲ್ಲಿ, ಜಾಮ್ಲಿಂಗ್ ಎವರೆಸ್ಟ್ ಹತ್ತಿದರು. ಆ ಆಸೆ ಅವರದೇ ಆಗಿತ್ತು. ಎಡ್ಮಂಡ್ ಹಿಲರಿಯ ಮಗ ಪೀಟರ್ 1990ರಲ್ಲಿ ತುದಿ ಮುಟ್ಟಿದ್ದರು. 2018ರ ಮೇನಲ್ಲಿ ಟಿಬೆಟ್ ಕಡೆಯಿಂದ ಎವರೆಸ್ಟ್ ಏರಿದ ಅಜೀತ್ ಬಜಾಜ್ ಮತ್ತು ಮಗಳು ದಿಯಾ, ಆ ಶಿಖರ ಮುಟ್ಟಿದ ಭಾರತದ ಮೊದಲ ಅಪ್ಪ-ಮಗಳು.

ಹಾಳೆಯಲ್ಲಿ ಯಾರಾದರೂ "ನೀವೆಲ್ಲ ಹೋಗುತ್ತಿದ್ದೀರಲ್ಲ, ಅದಕ್ಕೆ" ಎಂದು ಬರೆದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅವರನ್ನು ಬಿಟ್ಟು ಹೋಗಬೇಕೆಂದೇನಿಲ್ಲ. ಬೇಸ್ ಕ್ಯಾಂಪ್ ದಾರಿಯ ನಾಮ್ಚೆ ಬಜಾರ್ 3,440 ಮೀಟರ್ ಎತ್ತರದಲ್ಲಿದೆ. ಊಟ, ವಸತಿ, ಬಿಸಿನೀರು ಎಲ್ಲ ಸಿಗುವ ಊರು. ಅಜ್ಜಿಗೆ ಅಲ್ಲಿಯವರೆಗಿನ ಪ್ರವಾಸ ಎಂದು ಮೊದಲೇ ಗೊತ್ತುಮಾಡಿದರೆ ಅದು ಅವರಿಗೆ ಪೂರ್ತಿ ಪ್ರವಾಸವೇ ಆಗುತ್ತದೆ. ಮಧ್ಯದಲ್ಲಿ ನಿಲ್ಲಿಸಿದರೆ ಸೋತಂತೆ ಅನ್ನಿಸುತ್ತದೆ.

2. ಮುಂದಾಳು ಯಾರೆಂದು ತೀರ್ಮಾನಿಸಿ

ನಮ್ಮ ಮನೆಗಳಲ್ಲಿ ಹಿರಿಯರು ಹೇಳಿದ್ದೇ ಕೊನೆ ಮಾತು. ಬೆಟ್ಟದಲ್ಲಿ ಅದನ್ನು ಹಾಗೇ ಮುಂದುವರಿಸಬೇಡಿ. ಒಬ್ಬರಿಗೇ ಎಲ್ಲ ಹೊರಿಸುವ ಬದಲು ಕೆಲಸ ಹಂಚಿ.

ದಾರಿ ಮತ್ತು ಹವಾಮಾನದ ವಿಷಯದಲ್ಲಿ ಗೈಡ್ ಹೇಳಿದ್ದೇ ಕೊನೆ. ಆರೋಗ್ಯದ ವಿಷಯಕ್ಕೆ ಮನೆಯವರಲ್ಲಿ ಒಬ್ಬರನ್ನು ನೇಮಿಸಿ. "ಇವರು ಇಳಿಯಬೇಕು" ಎಂದು ಅವರು ಅಂದರೆ ವಾದವಿಲ್ಲ. ದಿನದ ವೇಗ ನಿಧಾನವಾಗಿ ನಡೆಯುವವರ ಕೈಯಲ್ಲಿರಲಿ, ಅವರೇ ಮುಂದೆ ನಡೆಯಲಿ. ಆಗ ಹಿಂದಿನವರು ಓಡುವುದು ತಾನಾಗಿ ನಿಲ್ಲುತ್ತದೆ.

ಆರೋಗ್ಯದ ಹೊಣೆ ಯಾರಿಗೆ ಕೊಡಬೇಕೆಂಬುದನ್ನು ಚೆನ್ನಾಗಿ ಯೋಚಿಸಿ. ಮಗುವಿನ ವಿಷಯದಲ್ಲಿ ಅಪ್ಪ-ಅಮ್ಮ ಒಬ್ಬರೇ ತೀರ್ಮಾನಿಸದಿರುವುದು ಒಳ್ಳೆಯದು. ಅಮೆರಿಕದ ವಿಲ್ಲಿ ಅನ್ಸೋಲ್ಡ್ 1963ರಲ್ಲಿ ಎವರೆಸ್ಟನ್ನು ಪಶ್ಚಿಮದ ಏಣುದಾರಿಯಿಂದ (ವೆಸ್ಟ್ ರಿಡ್ಜ್) ಹತ್ತಿದವರು, ಅಪಾರ ಅನುಭವಿ. ಗಢವಾಲದ ನಂದಾದೇವಿ ಶಿಖರದ ಸೊಬಗಿಗೆ ಮನಸೋತು ಮಗಳಿಗೆ ಅದೇ ಹೆಸರಿಟ್ಟಿದ್ದರು. 1976ರಲ್ಲಿ ಅಪ್ಪ-ಮಗಳು ಅದೇ ಶಿಖರಕ್ಕೆ ಹೋದರು. ಅಪ್ಪ ಆ ತಂಡದ ನಾಯಕರಲ್ಲೊಬ್ಬರು. ಹೊಟ್ಟೆಯ ತೊಂದರೆಯಿಂದ ಬಳಲುತ್ತಿದ್ದ ಮಗಳು ಸುಮಾರು 7,300 ಮೀಟರ್ ಎತ್ತರದ ಶಿಬಿರದಲ್ಲಿ ಅಪ್ಪನ ಕಣ್ಣೆದುರೇ ತೀರಿಕೊಂಡಳು. ಆಗ ಅವಳಿಗೆ 22. ದೂರದಲ್ಲಿ ಕೂತು ಯಾರ ಮೇಲೂ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ನನಗೆ ಕಾಣುವುದು ಇಷ್ಟು: ಅಪ್ಪನೂ ನಾಯಕನೂ ಒಬ್ಬನೇ ಆದಾಗ, ಮಗಳ ಕನಸು ಮತ್ತು ಮಗಳ ಹೊಟ್ಟೆನೋವನ್ನು ಒಂದೇ ತಲೆ ತೂಗಬೇಕಾಗುತ್ತದೆ. ಆ ಭಾರ ಯಾವ ಅಪ್ಪನಿಗೂ ಬೇಡ. ನಿಮ್ಮ ತಂಡದಲ್ಲಿ ಅದು ಚಿಕ್ಕಪ್ಪನಿಗೋ, ಅತ್ತೆಗೋ, ಗೈಡ್‌ಗೋ ಇರಲಿ.

ಮುಂದಾಳು ಆದವರು ಎಲ್ಲರಿಗಿಂತ ಮೊದಲು ತುದಿಯಲ್ಲಿರಬೇಕು ಎಂಬ ತಪ್ಪು ಕಲ್ಪನೆಯೂ ಇದೆ. 1953ರ ಆ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್ ಶಿಖರಕ್ಕೆ ಎರಡು ಜೋಡಿಗಳನ್ನು ಆರಿಸಿದರು, ಎರಡರಲ್ಲೂ ತಮ್ಮ ಹೆಸರಿಲ್ಲ. ದಾ ನಾಮ್ಗ್ಯಾಲ್ ಎಂಬ ಶೆರ್ಪಾ ಜೊತೆ 8,300 ಮೀಟರ್‌ಗೂ ಮೇಲಕ್ಕೆ ತಾವೇ ಸಾಮಾನು ಹೊತ್ತು, ಕೊನೆಯ ಶಿಬಿರಕ್ಕೆಂದು ಅಲ್ಲಿಟ್ಟು ಇಳಿದರು. ನಿಮ್ಮ ಮನೆಯ ಮುಂದಾಳುವಿಗೂ ಮೊದಲೇ ಕೇಳಿ: "ಬೇರೆಯವರಿಗಾಗಿ ನೀನು ಅರ್ಧದಲ್ಲಿ ಇಳಿಯುತ್ತೀಯಾ?" ಉತ್ತರಿಸಲು ತಡವರಿಸಿದರೆ ಬೇರೆಯವರನ್ನು ಆರಿಸಿ.

ಮನೆಯಲ್ಲಿ 18-20ರ ಮಕ್ಕಳಿದ್ದರೆ ಒಬ್ಬರನ್ನು ತರಬೇತಿಗೆ ಕಳಿಸಿ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ 1954ರಲ್ಲಿ ಶುರುವಾಯಿತು. ತೇನ್‌ಸಿಂಗ್ ಅಲ್ಲಿ ಕ್ಷೇತ್ರ ತರಬೇತಿಯ ಮುಖ್ಯಸ್ಥರಾಗಿದ್ದರು. ಅವರ ಹಲವು ಸಂಬಂಧಿಕರು ಅಲ್ಲೇ ಕಲಿತು ಕಲಿಸುವವರಾದರು. ತೇನ್‌ಸಿಂಗ್‌ರ ಸಂಬಂಧಿ ನವಾಂಗ್ ಗೊಂಬು 1963 ಮತ್ತು 1965ರಲ್ಲಿ, ಎವರೆಸ್ಟನ್ನು ಎರಡು ಸಲ ಹತ್ತಿದ ಮೊದಲಿಗರು. ಆ ಮನೆತನದಲ್ಲಿ ವಿದ್ಯೆ ದಾಟಿದ್ದು ರಕ್ತದಿಂದಲ್ಲ, ಪಾಠದಿಂದ. ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ. ನಮ್ಮಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ತರಬೇತಿ ಪಡೆದು ಬಂದ ಮೊಮ್ಮಗಳ ಮಾತಿಗೆ ಅಜ್ಜ ಸುಲಭವಾಗಿ ಒಪ್ಪುತ್ತಾರೆ.

3. ವೈದ್ಯರು ಮತ್ತು ಅಭ್ಯಾಸ

ಬಿಪಿ, ಸಕ್ಕರೆ, ಹೃದಯ, ಆಸ್ತಮಾ ಇದ್ದವರು ತಮ್ಮ ವೈದ್ಯರ ಒಪ್ಪಿಗೆ ಇಲ್ಲದೆ ಹೊರಡಲೇಬೇಡಿ. "ಟ್ರೆಕ್ಕಿಂಗ್" ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ಮೀಟರ್ ಎತ್ತರದಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ ಎಂಬ ಪಟ್ಟಿ ತೋರಿಸಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ, ಸಕ್ಕರೆ ನೋಡುವ ಮೀಟರ್ ಚಳಿಯಲ್ಲಿ ತಪ್ಪು ತೋರಿಸಬಹುದು. ಎರಡನ್ನೂ ಮೈಗೆ ಒತ್ತಿಕೊಂಡೇ ಇಟ್ಟುಕೊಳ್ಳಬೇಕು.

ಅಸೆಟಜೋಲಮೈಡ್ ಎಂಬ ಮಾತ್ರೆ ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ದೇಹ ಎತ್ತರಕ್ಕೆ ಬೇಗ ಹೊಂದಿಕೊಳ್ಳಲು ಇದು ನೆರವಾಗುತ್ತದೆ. ಮೂತ್ರ ಜಾಸ್ತಿ ಬರುತ್ತದೆ, ಬೆರಳು ಜುಮ್ಮೆನ್ನುತ್ತದೆ, ಅದಕ್ಕೆ ಹೆದರಬೇಡಿ. ಸಲ್ಫಾ ಔಷಧಿ ಆಗದವರು ವೈದ್ಯರಿಗೆ ಮೊದಲೇ ಹೇಳಬೇಕು. ಪಕ್ಕದ ಮನೆಯವರು ತೆಗೆದುಕೊಂಡರೆಂದು ನೀವೂ ನುಂಗಬೇಡಿ, ಮಕ್ಕಳಿಗಂತೂ ಡೋಸ್ ಬೇರೆ.

ಅಭ್ಯಾಸಕ್ಕೆ ಮೆಟ್ಟಿಲು ಹತ್ತಿ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳು, ನಂದಿ ಬೆಟ್ಟದ ಮೆಟ್ಟಿಲುಗಳು ಚೆನ್ನಾಗಿವೆ. ಆಮೇಲೆ ಬೆನ್ನಿಗೆ ಐದಾರು ಕಿಲೋ ಹಾಕಿಕೊಂಡು ತಡಿಯಂಡಮೋಳ್ ಅಥವಾ ಕುಮಾರ ಪರ್ವತ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಮಂಡಿ ಕೈಕೊಡುವುದು ಇಳಿಯುವಾಗಲೇ.

ಒಂದು ವಿಷಯ ಮರೆಯಬೇಡಿ. ಇಲ್ಲಿ ತಯಾರಾಗುವುದು ಕಾಲು ಮಾತ್ರ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಬರುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಾಗಿ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರಿಗೂ ಅವರ ದೇಹ 4,000 ಮೀಟರ್‌ನಲ್ಲಿ ಹೇಗಿರುತ್ತದೆ ಎಂಬುದು ಗೊತ್ತಿರುವುದಿಲ್ಲ. ಗಟ್ಟಿ ದೇಹ ಈ ಕಾಯಿಲೆಯಿಂದ ಕಾಪಾಡುವುದಿಲ್ಲ. ಬೇಗ ಬೇಗ ಹತ್ತುವ ಹುಡುಗರಿಗೇ ಇದು ಬರುವುದುಂಟು.

4. ದಿನಗಳ ಲೆಕ್ಕ ಹಾಕಿ

ಅಕ್ಲಿಮಟೈಸೇಶನ್ ಅಂದರೆ ಕಡಿಮೆ ಆಮ್ಲಜನಕಕ್ಕೆ ದೇಹ ಹೊಂದಿಕೊಳ್ಳುವುದು. ಅದಕ್ಕೆ ಸಮಯ ಬೇಕು, ಬೇರೆ ದಾರಿಯಿಲ್ಲ. 5,364 ಮೀಟರ್‌ನ ಎವರೆಸ್ಟ್ ಬೇಸ್ ಕ್ಯಾಂಪ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ.

ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ನಿನ್ನೆಗಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ. ಹಗಲು ಇನ್ನೂ ಮೇಲೆ ಹೋಗಿ ಬಂದರೆ ಪರವಾಗಿಲ್ಲ, ಲೆಕ್ಕಕ್ಕೆ ಬರುವುದು ಮಲಗುವ ಎತ್ತರ.

ಈಗ ಬೇಸ್ ಕ್ಯಾಂಪಿನ ಸಾಮಾನ್ಯ ಪ್ಯಾಕೇಜ್ ನೋಡಿ. ವಿಮಾನ ಇಳಿಯುವ ಲುಕ್ಲಾ 2,860 ಮೀಟರ್, ಅಲ್ಲಿಂದ ಇಳಿದು ಫಾಕ್‌ಡಿಂಗ್ 2,610, ಮರುದಿನ ನಾಮ್ಚೆ 3,440. ಒಂದೇ ದಿನಕ್ಕೆ 830 ಮೀಟರ್! ಅದಕ್ಕೇ ನಾಮ್ಚೆಯಲ್ಲಿ ಎರಡು ರಾತ್ರಿ ಇಡುತ್ತಾರೆ. ಆಮೇಲೆ ತೆಂಗ್‌ಬೋಚೆ 3,860, ಡಿಂಗ್‌ಬೋಚೆ 4,410, ಲೊಬುಚೆ 4,940, ಗೋರಕ್ ಶೆಪ್ 5,164. ಡಿಂಗ್‌ಬೋಚೆಗೂ ಲೊಬುಚೆಗೂ ಹೋಗುವ ಎರಡೂ ದಿನ ಮಿತಿ ಸ್ವಲ್ಪ ಮೀರುತ್ತದೆ. ಮೂರು ತಲೆಮಾರಿನ ತಂಡಕ್ಕೆ ನನ್ನ ಸಲಹೆ: ನಾಮ್ಚೆಯಲ್ಲಿ ಮೂರು ರಾತ್ರಿ, ಡಿಂಗ್‌ಬೋಚೆಯಲ್ಲಿ ಎರಡು, ಲೊಬುಚೆಗೆ ಮುಂಚೆ ಥುಕ್ಲಾದಲ್ಲಿ ಒಂದು. ನಾಮ್ಚೆಯ ಬಿಡುವಿನ ದಿನ ಖುಮ್‌ಜುಂಗ್‌ಗೆ ನಡೆದು ಬನ್ನಿ. 1961ರಲ್ಲಿ ಹಿಲರಿ ಕಟ್ಟಿಸಿದ ಶಾಲೆ ಅಲ್ಲಿದೆ, ಮಕ್ಕಳಿಗೆ ಇಷ್ಟವಾಗುತ್ತದೆ.

ಯಾತ್ರೆಗೆ ಹೋಗುವವರಿಗೂ ಇದೇ ಮಾತು. ಗೌರಿಕುಂಡ ಸುಮಾರು 1,980 ಮೀಟರ್, ಕೇದಾರನಾಥ 3,583. ಒಂದೇ ದಿನದಲ್ಲಿ 1,600 ಮೀಟರ್ ಏರಿ ರಾತ್ರಿ ಅಲ್ಲೇ ಮಲಗುವುದು ವಯಸ್ಸಾದವರಿಗೆ ಜಾಸ್ತಿಯಾಗುತ್ತದೆ. ಹೆಲಿಕಾಪ್ಟರ್‌ನಲ್ಲಿ ಹೋದರೆ ಕಾಲಿಗೆ ಆರಾಮ, ಆದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ದರ್ಶನ ಮುಗಿಸಿ ಅದೇ ದಿನ ಇಳಿಯಿರಿ. ವಿಮಾನದಲ್ಲಿ ನೇರ ಲೇಹ್‌ಗೆ ಇಳಿಯುವವರು ಸುಮಾರು 3,500 ಮೀಟರ್‌ನಲ್ಲಿ ಎರಡು ದಿನ ಸುಮ್ನೆ ಇರಿ. ಪಾಂಗಾಂಗ್ ಸರೋವರ ಓಡಿಹೋಗುವುದಿಲ್ಲ.

5. ಹಿಂದಿರುಗುವ ನಿಯಮ ಬರೆದು ಸಹಿ ಹಾಕಿ

ಇಡೀ ತಯಾರಿಯಲ್ಲಿ ಇದು ತೀರಾ ಮುಖ್ಯ. ಹೀಗೆ ಬರೆಯಬಹುದು:

ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಅಥವಾ ವಿಪರೀತ ಸುಸ್ತು ಇದ್ದರೆ ಅಂದು ಮೇಲೆ ಹೋಗುವುದಿಲ್ಲ. ಅದು ಹೆಚ್ಚಾದರೆ ಅಥವಾ ಮರುದಿನವೂ ಕಡಿಮೆಯಾಗದಿದ್ದರೆ ಇಳಿಯುತ್ತೇವೆ. ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ನಡೆಯಲು ಆಗದಿದ್ದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ತಕ್ಷಣ ಇಳಿಯುತ್ತೇವೆ. ಯಾರು ಬೇಕಾದರೂ, 12 ವರ್ಷದ ಮಗುವೂ, "ಸಾಕು" ಅನ್ನಬಹುದು. ಅಂದವರನ್ನು ಯಾರೂ ಆಡಿಕೊಳ್ಳುವುದಿಲ್ಲ, ಮನೆಗೆ ಬಂದಮೇಲೂ.

ಕೊನೆಯ ಸಾಲನ್ನು ಬಿಡಬೇಡಿ. ಮದುವೆಮನೆಯಲ್ಲಿ ಹತ್ತು ವರ್ಷ ಹೇಳಿಸಿಕೊಳ್ಳಬೇಕಾಗುತ್ತದೆ ಎಂಬ ಭಯಕ್ಕೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ.

ತುದಿ ಹತ್ತಿರವಿದ್ದಾಗ ತಿರುಗುವುದು ಎಷ್ಟು ಕಷ್ಟ ಎಂಬುದಕ್ಕೆ 1953ರಲ್ಲೇ ಉದಾಹರಣೆಯಿದೆ. ಹಂಟ್ ಕಳಿಸಿದ ಮೊದಲ ಜೋಡಿ ಟಾಮ್ ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್. ಅವರು ಹೊತ್ತಿದ್ದ ಆಮ್ಲಜನಕದ ಉಪಕರಣವನ್ನು ಟಾಮ್ ಮತ್ತು ಅವರ ತಂದೆ ರಾಬರ್ಟ್ ಸೇರಿ ರೂಪಿಸಿದ್ದರು. ಮೇ 26ರಂದು ದಕ್ಷಿಣ ಶಿಖರ ಮುಟ್ಟಿದರು. ನಿಜವಾದ ತುದಿಗೆ ಇನ್ನು ನೂರು ಮೀಟರ್‌ನಷ್ಟು ಎತ್ತರ ಬಾಕಿ. ಇವಾನ್ಸ್‌ರ ಉಪಕರಣ ಕೈಕೊಟ್ಟಿತ್ತು, ಹೊತ್ತು ಮೀರಿತ್ತು. ತಂದೆಯ ಜೊತೆ ಮಾಡಿದ ಯಂತ್ರ, ಎದುರಿಗೇ ತುದಿ. ಬೋರ್ಡಿಲನ್‌ಗೆ ಮುಂದೆ ಹೋಗುವ ಮನಸ್ಸಿತ್ತು. ಹೋದರೆ ಜೀವಂತ ಬರುವುದಿಲ್ಲ ಎಂಬುದು ಇವಾನ್ಸ್‌ರ ಲೆಕ್ಕ. ಇಬ್ಬರೂ ತಿರುಗಿದರು. ಮೂರು ದಿನದ ಮೇಲೆ ಅದೇ ದಾರಿಯಲ್ಲಿ ಹೋದ ಹಿಲರಿ ಮತ್ತು ತೇನ್‌ಸಿಂಗ್, ಇವರು ಬಿಟ್ಟು ಬಂದಿದ್ದ ಆಮ್ಲಜನಕದ ಸಿಲಿಂಡರ್‌ಗಳನ್ನು ಇಳಿಯುವಾಗ ಬಳಸಿದರು.

1996ರಲ್ಲಿ ಜಾಮ್ಲಿಂಗ್ ಇದ್ದ ಚಿತ್ರೀಕರಣ ತಂಡವೂ ಮೇ ಎರಡನೇ ವಾರದಲ್ಲಿ ಮೇಲಿನ ಶಿಬಿರದಿಂದ ಇಳಿದುಬಂತು. ಗಾಳಿ ಸರಿಯಿರಲಿಲ್ಲ, ಜನವೂ ಜಾಸ್ತಿಯಿದ್ದರು. ಮೇ 10ರ ಬಿರುಗಾಳಿಯಲ್ಲಿ ಎಂಟು ಜನ ಸತ್ತರು. ಆ ತಂಡ ಬದುಕುಳಿದವರ ರಕ್ಷಣೆಗೆ ಕೈಜೋಡಿಸಿ, ಆಮೇಲೆ ಮೇ 23ಕ್ಕೆ ಶಿಖರ ಮುಟ್ಟಿತು.

6. ದಾರಿಯಲ್ಲಿ, ಪ್ರತಿ ಸಂಜೆ

ಊಟಕ್ಕೆ ಮುಂಚೆ ಹತ್ತು ನಿಮಿಷ ಒಟ್ಟಿಗೆ ಕೂರಿ. ಆರೋಗ್ಯದ ಹೊಣೆ ಹೊತ್ತವರು ಒಬ್ಬೊಬ್ಬರನ್ನೂ ಕೇಳಲಿ: ತಲೆನೋವು ಇದೆಯಾ, ಊಟ ಸೇರುತ್ತಿದೆಯಾ, ನಿದ್ದೆ ಬಂತಾ, ಮೂತ್ರ ಸರಿಯಾಗಿ ಆಗುತ್ತಿದೆಯಾ? "ಹೇಗಿದ್ದೀಯ?" ಎಂದು ಕೇಳಿದರೆ ಬರುವ ಉತ್ತರ "ಚೆನ್ನಾಗಿದ್ದೀನಿ" ಒಂದೇ. ಅದಕ್ಕೇ ಬಿಡಿ ಬಿಡಿ ಪ್ರಶ್ನೆ ಬೇಕು. ಕಿರಿಯರು ಮೊದಲು ಹೇಳಲಿ, ಹಿರಿಯರು ಕೊನೆಗೆ. ಅಪ್ಪ ಮೊದಲು "ನನಗೇನೂ ಆಗಿಲ್ಲ" ಅಂದುಬಿಟ್ಟರೆ ಮಗ ಅದನ್ನೇ ಹೇಳುತ್ತಾನೆ, ಅಲ್ವಾ?

ಚಿಕ್ಕ ಮಕ್ಕಳಿಗೆ ತಮಗೆ ಏನಾಗುತ್ತಿದೆ ಎಂದು ಹೇಳಲು ಬರುವುದಿಲ್ಲ. ಎತ್ತರದಲ್ಲಿ ಮಗು ಕಿರಿಕಿರಿ ಮಾಡಿದರೆ, ಊಟ ಬಿಟ್ಟರೆ, ಆಟ ಬಿಟ್ಟು ಮೂಲೆ ಸೇರಿದರೆ, ಬೇರೆ ಕಾರಣ ಸಿಗುವವರೆಗೂ ಅದು ಎತ್ತರದ ಕಾಯಿಲೆ ಎಂದೇ ತಿಳಿಯಿರಿ.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ರಕ್ತದಲ್ಲಿನ ಆಮ್ಲಜನಕ ಅಳೆಯುತ್ತದೆ. ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಕೈ ತಣ್ಣಗಿದ್ದರೆ ಅಂಕಿ ತಪ್ಪುತ್ತದೆ. ಅಂಕಿ ಚೆನ್ನಾಗಿದ್ದು ಲಕ್ಷಣ ಇದ್ದರೆ ಲಕ್ಷಣವನ್ನೇ ನಂಬಿ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ.

ಅನುಭವಸ್ಥ ಹಿರಿಯರು ಜೊತೆಗಿದ್ದರೆ ಇನ್ನೊಂದು ಅಪಾಯವಿದೆ. "ನಾನು ಹತ್ತು ಸಲ ಹೋಗಿದ್ದೇನೆ, ನನಗೇನಾಗುತ್ತೆ?" ಅನ್ನುತ್ತಾರೆ. 1977ರಲ್ಲಿ ಹಿಲರಿ ಗಂಗಾಸಾಗರದಿಂದ ಜೆಟ್ ದೋಣಿಗಳಲ್ಲಿ ಗಂಗೆಯ ಮೇಲೆ ಬಂದು, ಬದರೀನಾಥದ ಹತ್ತಿರದ ಆಕಾಶ ಪರ್ವತ ಹತ್ತಲು ಹೊರಟರು. ತಂಡದಲ್ಲಿ ಮಗ ಪೀಟರ್ ಕೂಡ ಇದ್ದರು. ಎವರೆಸ್ಟ್‌ನ 8,848 ಮೀಟರ್ ಏರಿದ್ದ ಮನುಷ್ಯ, 58ನೇ ವಯಸ್ಸಿನಲ್ಲಿ ಸುಮಾರು 5,500 ಮೀಟರ್‌ನಲ್ಲಿ ಎತ್ತರದ ಕಾಯಿಲೆಯಿಂದ ಕುಸಿದರು. ಜೊತೆಗಾರರು ಅವರನ್ನು ಕೆಳಗೆ ಸಾಗಿಸಿದರು, ಅಲ್ಲಿಂದ ಹೆಲಿಕಾಪ್ಟರ್ ಕರೆದೊಯ್ದಿತು. ಈ ಕಥೆಯನ್ನು ಹೊರಡುವ ಮುಂಚೆ ಅಜ್ಜನಿಗೆ ಹೇಳಿ. ಹಿಲರಿಗೇ ಆಗಿದೆ ಅಂದರೆ ಒಪ್ಪಿಕೊಳ್ಳಲು ಮುಜುಗರ ಆಗುವುದಿಲ್ಲ.

7. ಒಬ್ಬರು ಇಳಿಯಬೇಕಾಗಿ ಬಂದರೆ

ಯಾರೂ ಒಬ್ಬರೇ ಇಳಿಯಬಾರದು. ಕಾಯಿಲೆಯಾದವರನ್ನು ಪೋರ್ಟರ್ ಜೊತೆಗಷ್ಟೇ ಕಳಿಸುವುದೂ ಸರಿಯಲ್ಲ. ಪೋರ್ಟರ್ ಸಾಮಾನು ಹೊರುವವರು, ರೋಗಿಯನ್ನು ನೋಡಿಕೊಳ್ಳುವ ತರಬೇತಿ ಅವರಿಗೆ ಇರಬೇಕೆಂದಿಲ್ಲ. ಮನೆಯವರೊಬ್ಬರು, ಗೈಡ್ ಅಥವಾ ಸಹಾಯಕ ಗೈಡ್ ಒಬ್ಬರು ಜೊತೆಗಿರಲಿ. ಅದಕ್ಕೇ ಐದು ಜನರ ಕುಟುಂಬಕ್ಕೆ ಒಬ್ಬ ಗೈಡ್ ಸಾಲದು. ಇಬ್ಬರನ್ನು ಗೊತ್ತುಮಾಡಿ, ಖರ್ಚು ಹೆಚ್ಚಾದರೂ. ಎಷ್ಟು ಇಳಿಯಬೇಕು? ಚೆನ್ನಾಗಿ ಅನ್ನಿಸುವವರೆಗೆ. ಸಾಮಾನ್ಯವಾಗಿ 300ರಿಂದ 1,000 ಮೀಟರ್. ಬೇಸ್ ಕ್ಯಾಂಪ್ ದಾರಿಯ ಫೆರಿಚೆಯಲ್ಲಿ ಚಾರಣದ ಋತುವಿನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯ ಇರುತ್ತದೆ.

ಜೊತೆಗೆ ಇಳಿಯುವವರು ಯಾರೆಂದು ಮನೆಯಲ್ಲೇ ಗೊತ್ತುಮಾಡಿ. ಅಜ್ಜನಿಗೆ ಆದರೆ ಯಾರು, ಮಗಳಿಗೆ ಆದರೆ ಯಾರು. ಮೇಲೆ ಹೋದಮೇಲೆ ಕೇಳಿದರೆ ಎಲ್ಲರ ಕಣ್ಣೂ ಅಮ್ಮನ ಕಡೆಗೇ ತಿರುಗುತ್ತದೆ. ಆಸೆಯಿಂದ ಬಂದಿರುವ ಅಮ್ಮನಿಗೆ ಅದು ಅನ್ಯಾಯ.

8. ಸಾಮಾನು ಹೊರುವವರನ್ನೂ ಲೆಕ್ಕಕ್ಕೆ ಸೇರಿಸಿ

ಸಂಜೆ ಕೂರುವಾಗ ಪೋರ್ಟರ್‌ನನ್ನೂ ಕರೆಯಿರಿ, ಅವರಿಗೂ ಅದೇ ಪ್ರಶ್ನೆ ಕೇಳಿ. ಹಲವರು ತಗ್ಗಿನ ಊರುಗಳಿಂದ ಕೂಲಿಗೆ ಬಂದವರು, ಎತ್ತರದ ಕಾಯಿಲೆ ಅವರಿಗೂ ಬರುತ್ತದೆ. ಬೆಚ್ಚಗಿನ ಬಟ್ಟೆ, ಮಲಗಲು ಜಾಗ, ವಿಮೆ ಇದೆಯೇ ಎಂದು ಬುಕ್ ಮಾಡುವಾಗಲೇ ಏಜೆನ್ಸಿಯನ್ನು ಕೇಳಿ. ಮಕ್ಕಳು ಇದನ್ನು ನೋಡುತ್ತಿರುತ್ತಾರೆ.

9. ವಾಪಸ್ ಬಂದ ವಾರದಲ್ಲಿ

ಈ ಪದ್ಧತಿ ಬೆಟ್ಟಕ್ಕಷ್ಟೇ ಸೀಮಿತವಲ್ಲ. ಅಜ್ಜನ ಆಪರೇಷನ್, ಅಂಗಡಿಯನ್ನು ಮಗಳಿಗೆ ವಹಿಸುವುದು, ತೋಟದ ಮಾರಾಟ, ಯಾವುದೇ ಇರಲಿ, ಅವರವರ ಅಭಿಪ್ರಾಯ ಹಾಳೆಯಲ್ಲಿ ಬರೆಸುವುದು, ಕಿರಿಯರಿಂದ ಮಾತು ಶುರುಮಾಡುವುದು, ಯಾವ ವಿಷಯದಲ್ಲಿ ಯಾರ ಮಾತು ಕೊನೆ ಎಂದು ಮೊದಲೇ ಗೊತ್ತುಮಾಡುವುದು ಅಲ್ಲೂ ನಡೆಯುತ್ತದೆ. ಬೆಟ್ಟದಲ್ಲಿ ಒಮ್ಮೆ ಒಪ್ಪಿಕೊಂಡ ಹಿರಿಯರು ಮನೆಯಲ್ಲೂ ಒಪ್ಪುತ್ತಾರೆ. ನೆನಪು ಹಸಿಯಿರುವಾಗಲೇ ಶುರುಮಾಡಿ.

ಅದೇ ವಾರ ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೂ ಒಂದು ಪುಟ ಮಾಡಿ. ಯಾವ ಎತ್ತರದಲ್ಲಿ ಏನಾಯಿತು, ಎಷ್ಟು ದಿನಕ್ಕೆ ಸರಿಹೋಯಿತು, ಯಾವ ಮಾತ್ರೆ ಎಷ್ಟು ತೆಗೆದುಕೊಂಡರು, ಎಷ್ಟು ಇಳಿದ ಮೇಲೆ ಗುಣವಾಯಿತು, ಇಷ್ಟು ಸಾಕು. ಹಿಂದಿನ ಸಲ ಎತ್ತರದಲ್ಲಿ ಹೇಗಿದ್ದಿರಿ ಎಂಬುದೇ ಮುಂದಿನ ಸಲಕ್ಕೆ ಸಿಗುವ ಒಳ್ಳೆಯ ಸುಳಿವು. ಅಪ್ಪನಿಗೆ ಏನೂ ಆಗಲಿಲ್ಲ ಎಂಬುದರಿಂದ ಮಗಳಿಗೂ ಆಗುವುದಿಲ್ಲ ಎಂದು ಹೇಳಲು ಬರುವುದಿಲ್ಲ, ಆದ್ದರಿಂದ ಪುಟ ಬೇರೆ ಬೇರೆಯೇ ಇರಬೇಕು. ಮುಂದಿನ ಪ್ರವಾಸಕ್ಕೆ ವೈದ್ಯರ ಬಳಿ ಹೋಗುವಾಗ ಆ ಪುಟವನ್ನು ತೆಗೆದುಕೊಂಡು ಹೋಗಿ.